ಎರಡು ಒತ್ತು

ಬೆಳಗ್ಗೆ ಒಂಬತ್ತು ಗಂಟೆಗೆ ಮಾವ ಕಸೂತಿ ಯಂತ್ರವನ್ನು ಮಾರಲು ಒಪ್ಪಿದರು. ಕೊಳ್ಳುವವರು ಎದುರು ಸಾಲಿನ ಪರದೆ ಅಂಗಡಿಯವರು. ಸಂಜೆ ನಾಲ್ಕಕ್ಕೆ ಆಳುಗಳ ಜೊತೆ ತಳ್ಳುಗಾಡಿಯನ್ನೂ ತರುವುದಾಗಿ ಅವರು ಫೋನಿನಲ್ಲಿ ಹೇಳಿದರು.

ಸೊಸೆ ಆಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಅದೇ ಯಂತ್ರದ ಸೂಜಿಗಳಿಗೆ ನೂಲು ಪೋಣಿಸುತ್ತಿದ್ದಳು. ಮಾತು ಪೂರ್ತಿ ಕೇಳಿಸಿತು. ಮಾವನಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಎದುರು ಸಾಲಿಗೆ ಅವರ ದನಿ ಫೋನಿಲ್ಲದೆಯೂ ಮುಟ್ಟುತ್ತಿತ್ತು.

ಅವಳು ನೂಲಿನ ತುದಿ ಹಿಡಿದುಕೊಂಡೇ ಹೊರಗೆ ಬಂದಳು.

“ಮಾವ, ದೋಣಿ ಕ್ಲಬ್ಬಿನ ಅಂಗಿ ಇವತ್ತು ಸಂಜೆ ಕೊಡ್ಬೇಕು. ಮೆಷಿನ್ ಕಳಿಸ್ಬಿಟ್ರೆ ನಾನೇನು ಹಲ್ಲಲ್ಲಿ ಹೊಲೀಲಾ?”

“ಮೆಷಿನ್ ಇದ್ರೆ ತಾನೆ ಏನು ಹೊಲೀತೀಯ? ದೋಣಿ ಚಿತ್ರ ಎಲ್ಲಿದೆ ಹೇಳು. ನಿನ್ನೆ ಸಂಜೆಯಿಂದ ಹುಡುಕ್ತಾ ಇದೀಯ.”

“ಸಿಗತ್ತೆ.”

“ಬೇಕರಿಯವ್ರಿಗೂ ಇದನ್ನೇ ಹೇಳ್ದೆ. ಡ್ಯಾನ್ಸ್ ಕ್ಲಾಸಿನವ್ರಿಗೂ ಇದನ್ನೇ ಹೇಳ್ದೆ. ಇಬ್ರೂ ಬೇರೆ ಕಡೆ ಹೋದ್ರು. ಹಳೇ ಗಿರಾಕಿಗೆ ಹಳೇ ಚಿತ್ರ ಹೊಲಿದು ಕೊಡಕ್ಕಾಗ್ದಿದ್ಮೇಲೆ ಆ ಮೆಷಿನ್ ಮೇಲೆ ಬಟ್ಟೆ ಒಣಗಿಹಾಕೋಣ್ವಾ?”

ಒಳಗೆ ಕೂತು ಕತ್ತರಿಯಿಂದ ನೂಲಿನ ಎಳೆ ಕತ್ತರಿಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. “ಬಟ್ಟೆ ಒಣಗಿಹಾಕಕ್ಕೆ ಅದು ಎತ್ತರ ಸಾಲ್ದು” ಎಂದಷ್ಟೇ ಹೇಳಿದರು.

ಸೊಸೆ ಮಾವನ ಮುಖವನ್ನೇ ನೋಡಿದಳು. “ನಾಲ್ಕು ಗಂಟೆವರೆಗೂ ಮೆಷಿನ್ ನಮ್ದೇ ತಾನೆ? ಅಷ್ಟರೊಳಗೆ ದೋಣಿ ಬಿದ್ದಿರೋ ಒಂದು ಅಂಗಿ ನಿಮ್ಮ ಕೈಲಿಡ್ತೀನಿ. ಇಟ್ರೆ ತಳ್ಳುಗಾಡಿ ಖಾಲಿ ಹೋಗ್ಬೇಕು. ಇಡ್ದಿದ್ರೆ ನಾನೇ ಹಿಂದಿನಿಂದ ತಳ್ತೀನಿ.”

ಮಾವ ಗಡಿಯಾರ ನೋಡಿದರು. ಆಗಲಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಆ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಎಂದೇ ಅರ್ಥ.

ಯಂತ್ರ ಕೆಟ್ಟಿರಲಿಲ್ಲ. ಕೆಟ್ಟಿದ್ದು ಹೆಸರುಗಳು. ಅಂಗಡಿಯಲ್ಲಿ ಇದುವರೆಗೆ ಹೊಲಿದ ಲಾಂಛನ, ಹೂಬಳ್ಳಿ, ಹೋಟೆಲಿನ ಹೆಸರು ಎಲ್ಲವೂ ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ ಒಂದೊಂದು ಫೈಲಾಗಿ ಕೂತಿದ್ದವು. ಮಾಡಿದ್ದು ಮನೆಯ ದೊಡ್ಡ ಮಗ, ಸೊಸೆಗೆ ಭಾವ. ಕೈ ಚಿನ್ನ, ಅಚ್ಚುಕಟ್ಟು ಸೊನ್ನೆ. ಯಂತ್ರದ ಫಲಕ ಎಂಟು ಅಕ್ಷರಕ್ಕಿಂತ ಉದ್ದದ ಹೆಸರನ್ನು ಓದುವುದಿಲ್ಲವೆಂದು ಭಾವ ಹೆಸರಿಡುವ ತಂಟೆಗೇ ಹೋಗದೆ ಎ, ಎಎ, ಎಎಬಿ ಎಂದು ಕೈಗೆ ಸಿಕ್ಕ ಅಕ್ಷರ ಒತ್ತಿ ಇಟ್ಟಿದ್ದರು. ಆ ಫೈಲುಗಳಿದ್ದ ಫೋಲ್ಡರುಗಳ ಹೆಸರು ಹೀಗಿತ್ತು: ಹೊಸದು, ಹೊಸದು ೨, ತುಂಬಾ ಹೊಸದು, ಇದೇ ಹೊಸದು, ಮೊದಲಿನ ಹೊಸದು, ಹೊಸದು ಮುಟ್ಟಬೇಡಿ. ಕೇಳಿದರೆ, “ನೋಡಿದ್ರೆ ನಂಗೆ ಗೊತ್ತಾಗತ್ತೆ” ಎನ್ನುತ್ತಿದ್ದರು. ಅವರಿಗೆ ಗೊತ್ತಾಗುತ್ತಿತ್ತು, ಏಕೆಂದರೆ ಚಿತ್ರ ತೆರೆದು ತೋರಿಸುವ ತಂತ್ರಾಂಶ ಅವರ ಲ್ಯಾಪ್‌ಟಾಪಿನಲ್ಲಿತ್ತು. ಎರಡು ತಿಂಗಳ ಹಿಂದೆ ಬೇರೆ ಊರಿನ ದೊಡ್ಡ ಕಾರ್ಖಾನೆಯೊಂದರಲ್ಲಿ ಅವರಿಗೆ ಕೆಲಸ ಸಿಕ್ಕಿತು. ಲ್ಯಾಪ್‌ಟಾಪ್ ಅವರ ಹಿಂದೆಯೇ ಹೋಯಿತು. ಹಳೆಯ ಕಂಪ್ಯೂಟರಿನಲ್ಲಿ ಎಲ್ಲ ಫೈಲೂ ಒಂದೇ ಥರ ಕಾಣುತ್ತಿದ್ದವು, ಮೂಲೆ ಮಡಚಿದ ಬಿಳಿ ಹಾಳೆಯ ಗುರುತಿನಂತೆ.

ಭಾವ ಬಿಟ್ಟು ಹೋದದ್ದು ಇನ್ನೊಂದಿತ್ತು, ಒಂದು ಮಾತು. ಅವರು ಕಂಪ್ಯೂಟರಿನ ಮುಂದೆ, ಸೊಸೆ ಯಂತ್ರದ ಮುಂದೆ ಕೂತು ಕೆಲಸ ಮಾಡುವಾಗ ಕೆಲವು ಚಿತ್ರಗಳಿಗೆ ಅವರು ತಿರುಗಿಯೂ ನೋಡದೆ, “ಎರಡು ಒತ್ತು” ಎನ್ನುತ್ತಿದ್ದರು. ಫಲಕದ ಮೇಲೆ ಬಾಗಿದ ಬಾಣದ ಗುರುತಿರುವ ಒಂದು ಗುಂಡಿ ಇದೆ. ಅವಳು ಅದನ್ನು ಎರಡು ಸಲ ಒತ್ತಿ, ಆಮೇಲೆ ಹಸಿರು ಗುಂಡಿ ಒತ್ತುತ್ತಿದ್ದಳು. ಯಾಕೆ ಎಂದು ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಯಂತ್ರ ಹಟಮಾರಿ, ಎರಡು ಸಲ ಹೇಳಿದರೇ ಕೇಳುವುದು ಎಂದು ಅವಳು ಅಂದುಕೊಂಡಿದ್ದಳು. ಮಾತು ಹಿಂದಿನ ಕೋಣೆಯಿಂದ ಅಡುಗೆಮನೆಗೂ ಹೋಯಿತು. ಒಲೆಯ ಲೈಟರ್ ಹತ್ತದಿದ್ದರೆ, ಟಿ.ವಿ. ರಿಮೋಟ್ ಕೇಳದಿದ್ದರೆ, ಪಕ್ಕದ ಮನೆಯವರು ಬಾಗಿಲು ತೆಗೆಯದಿದ್ದರೆ, ಯಾರಾದರೊಬ್ಬರು “ಎರಡು ಒತ್ತು” ಎನ್ನುತ್ತಿದ್ದರು.

ಸೊಸೆ ಈ ಮನೆಗೆ ಬರುವ ಮೊದಲು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿದ್ದಳು. ಅಲ್ಲಿ ಅವಳ ಕೆಲಸ ಎಡ ತೋಳು ಕೂಡಿಸುವುದು. ಬಲ ತೋಳು ಇನ್ನೊಬ್ಬಳದು. ಪೂರ್ತಿ ಅಂಗಿಯನ್ನು ಅವಳು ಅಲ್ಲಿದ್ದಷ್ಟೂ ಕಾಲ ಗಾಜಿನಾಚೆಯ ಪ್ಯಾಕಿಂಗ್ ಮೇಜಿನ ಮೇಲೆ ಮಾತ್ರ ಕಂಡಿದ್ದಳು. ಈ ಯಂತ್ರದ ಮುಂದೆ ಅವಳು ಮೊದಲ ಸಲ ಒಂದು ಕೆಲಸವನ್ನು ಶುರುಮಾಡಿ ತಾನೇ ಮುಗಿಸಿದ್ದು. ಯಂತ್ರ ಹೋದರೆ ಮತ್ತೆ ಎಡ ತೋಳು. ಅದನ್ನು ಅವಳು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಹೇಳುವ ಅಗತ್ಯ ಕಂಡಿರಲಿಲ್ಲ.

ಕ್ಲಬ್ಬಿನ ಕೋಚ್ ಹಿಂದಿನ ಸಂಜೆ ಹೊಸ ಅಂಗಿಗಳನ್ನು ತಂದುಕೊಟ್ಟಿದ್ದರು. ಎಂಟು ಜನ ಹುಟ್ಟು ಹಾಕುವವರು, ಒಬ್ಬ ಚುಕ್ಕಾಣಿಯವನು. ಸ್ಪರ್ಧೆ ನಾಳೆ ಬೆಳಗ್ಗೆ. ಮಾದರಿಗೆಂದು ಒಂದು ಹಳೆಯ ಅಂಗಿಯನ್ನೂ ಕೊಟ್ಟಿದ್ದರು. ಅದರ ಎದೆಯ ಮೇಲೆ ನೀಲಿ ದೋಣಿ, ಎರಡೂ ಕಡೆಯಿಂದ ಕೆಳಕ್ಕೆ ಇಳಿದ ಹುಟ್ಟುಗಳು, ಅವುಗಳ ಕೆಳಗೆ ನೀರಿನ ಅಲೆ, ದೋಣಿಯ ಮೂತಿಯ ಮೇಲೆ ಕೂತ ಒಂದು ಹಕ್ಕಿ. “ಇದೇ ಬೇಕು. ಹೊಸ ದೋಣಿ ಬರೆಸ್ಬೇಡಿ. ಹುಡುಗ್ರು ಗಲಾಟೆ ಮಾಡ್ತಾರೆ” ಎಂದು ಹೇಳಿ ಹೋಗಿದ್ದರು.

ಒಂಬತ್ತೂವರೆಗೆ ಸೊಸೆ ತನ್ನ ಫೋನಿನ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ಜೋಡಿಸಿದಳು. ಕಸೂತಿ ಕೆಲಸದವರು ಪ್ರಶ್ನೋತ್ತರ ಮಾಡುವ ಒಂದು ಪುಟದಲ್ಲಿ ಯಾರೋ ಅವಳ ಪ್ರಶ್ನೆಯನ್ನೇ ಕೇಳಿದ್ದರು, ಇನ್ಯಾರೋ ಉತ್ತರ ಕೊಟ್ಟಿದ್ದರು. ಕಂಪ್ಯೂಟರಿನ ಜೊತೆಗೇ ಬರುವ ಫೈಲ್ ಮ್ಯಾನೇಜರಿಗೆ ಕಸೂತಿ ಫೈಲು ಅಂದರೇನು ಎಂದೇ ಗೊತ್ತಿಲ್ಲ. ಗೊತ್ತುಮಾಡಿಸುವ ಆಡ್-ಆನ್‌ಗಳಿವೆ. ಅವನ್ನು ಹಾಕಿಕೊಂಡರೆ ಬಿಳಿ ಹಾಳೆಯ ಜಾಗದಲ್ಲಿ ಚಿತ್ರ ಕಾಣುತ್ತದೆ. ಇನ್ನೊಂದು ಆಡ್-ಆನ್ ಹಾಕಿದರೆ ಹತ್ತಾರು ಫೋಲ್ಡರುಗಳನ್ನು ಒಂದೇ ಕಿಟಕಿಯಲ್ಲಿ ಪಕ್ಕಪಕ್ಕಕ್ಕೆ ತೆರೆದಿಟ್ಟುಕೊಳ್ಳಬಹುದು. ಎರಡೂ ಪುಕ್ಕಟೆ.

ಮಾವ ಹಿಂದಿನಿಂದ ಬಗ್ಗಿ ನೋಡಿದರು. “ಏನದು?”

“ಆಡ್-ಆನ್ ಅಂತ, ಮಾವ. ಇರೋದಕ್ಕೇ ಅಂಟಿಸೋದು.”

“ಬಾಲಂಗೋಚಿ ಅನ್ನು.”

“ಹ್ಞೂಂ, ಬಾಲಂಗೋಚಿ. ಬಾಲ ಇಲ್ದೆ ಪಟ ಹಾರತ್ತಾ?”

“ಪುಕ್ಕಟೆ ಯಾಕೆ ಕೊಡ್ತಾನೆ ಅವನು? ಅವನಿಗೇನು ಹುಚ್ಚಾ?”

“ಅವನಿಗೂ ನಮ್ಮ ಭಾವನಂಥ ಅಣ್ಣ ಇದ್ದಿರ್ಬೇಕು” ಎಂದಳು ಸೊಸೆ.

ಒಳಗಿನಿಂದ ಅತ್ತೆ ನಕ್ಕಿದ್ದು ಕೇಳಿಸಿತು.

ಪುಕ್ಕಟೆಯೆಂದು ಅವಳು ಕಣ್ಣು ಮುಚ್ಚಿ ಒತ್ತಲಿಲ್ಲ. ಅದನ್ನು ಮಾಡಿದವರ ಸ್ವಂತ ಪುಟ ಯಾವುದೆಂದು ನೋಡಿ ಅಲ್ಲಿಂದಲೇ ಇಳಿಸಿಕೊಂಡಳು. ಹಾಕುವಾಗ ಬಂದ ಪ್ರತಿ ಸಾಲನ್ನೂ ಓದಿ, ಬೇಡದ ಕಡೆ ಇದ್ದ ಟಿಕ್ ಗುರುತುಗಳನ್ನು ತೆಗೆದಳು. ಮೊದಲು ಏನೂ ಬದಲಾಗಲಿಲ್ಲ, ಹಾಳೆಗಳು ಬಿಳಿಯಾಗಿಯೇ ಇದ್ದವು. ಮಾವ ಗಂಟಲು ಸರಿಮಾಡಿಕೊಂಡು ಹೊರಗೆ ಹೋದರು. ಅವಳು ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದಳು.

ಈ ಸಲ ‘ತುಂಬಾ ಹೊಸದು’ ಎಂಬ ಫೋಲ್ಡರ್ ತೆರೆದಾಗ ಬಿಳಿ ಹಾಳೆಗಳು ಮೇಲಿನ ಸಾಲಿನಿಂದ ಒಂದೊಂದಾಗಿ ಬಣ್ಣ ತುಂಬಿಕೊಳ್ಳುತ್ತ ಬಂದವು. ಗುಲಾಬಿ, ನಕ್ಷತ್ರ, ಕುದುರೆ.

“ಅತ್ತೆ, ಬನ್ನಿ ಇಲ್ಲಿ.”

ಅತ್ತೆ ಕನ್ನಡಕ ಹಾಕಿಕೊಂಡು ಬಂದರು. “ಅಯ್ಯೋ, ಇದು ನರ್ಸ್‌ಗಳ ಕೋಟಿನ ದೀಪ ಅಲ್ವಾ? ಆದ್ರೆ ದೀಪ ಹಸಿರು ಯಾಕಿದೆ?”

ಕಾರಣ ಆಡ್-ಆನ್ ಮಾಡಿದವರ ಪುಟದಲ್ಲೇ ಇತ್ತು. ಇಂಥ ಫೈಲಿನಲ್ಲಿರುವುದು ಸೂಜಿ ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಲ್ಲಿ ನಿಂತು ನೂಲು ಬದಲಿಸಬೇಕು ಎಂಬುದಷ್ಟೆ. ಯಾವ ನೂಲು ಎಂಬುದು ಅದರಲ್ಲಿರುವುದಿಲ್ಲ, ಯಂತ್ರದ ಮುಂದೆ ಕೂತವರಿಗೆ ಗೊತ್ತಿರಬೇಕು. ಹಾಗಾಗಿ ಆಡ್-ಆನ್ ತನಗೆ ತೋಚಿದ ಬಣ್ಣ ಬಳಿಯುತ್ತದೆ. “ನೀಲಿ ದೋಣಿ ಅಂತ ಹುಡುಕ್ಬಾರ್ದು ಅತ್ತೆ, ಬರೀ ದೋಣಿ ಅಂತ ಹುಡುಕ್ಬೇಕು” ಎಂದಳು.

ಎಲ್ಲ ‘ಹೊಸದು’ಗಳನ್ನೂ ಒಂದೇ ಕಿಟಕಿಯಲ್ಲಿ ತೆರೆದು, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದಳು. ಬೇಕರಿಯವರ ರೊಟ್ಟಿ ಸಿಕ್ಕಿತು, ಡ್ಯಾನ್ಸ್ ಕ್ಲಾಸಿನ ಗೆಜ್ಜೆ ಸಿಕ್ಕಿತು. ಇಬ್ಬರೂ ಈಗ ಬೇರೆ ಅಂಗಡಿಯ ಗಿರಾಕಿಗಳು. ಕೆಲವು ಚಿತ್ರಗಳು ವಿಚಿತ್ರವಾಗಿದ್ದವು. ಹೊಟ್ಟೆ ಮೇಲೆ ಮಾಡಿದ ಮೀನು, ಪೊರಕೆ ಸಿಕ್ಕಿಸಿದ ಒಂದು ಮಡಕೆ, ಬೇರು ಆಕಾಶಕ್ಕೆ ಚಾಚಿದ ಮರ. ಬಣ್ಣವನ್ನೇ ಮನಸ್ಸಿಗೆ ಬಂದಂತೆ ಬಳಿಯುವ ಆಡ್-ಆನ್ ಮೀನನ್ನು ಮಗುಚಿ ತೋರಿಸಿದರೆ ಅದರಲ್ಲೇನು ಹೆಚ್ಚು ಎಂದುಕೊಂಡು ಅವಳು ಮುಂದೆ ಹೋದಳು. ಒಂದು ಮನೆಯ ಚಿತ್ರವಂತೂ ಪದೇ ಪದೇ ಕಣ್ಣಿಗೆ ಬಿತ್ತು. ಕೆಂಪು ಮಾಡು, ಎರಡು ಚಿಮಣಿ, ಮೇಲೆ ಹೊಗೆ, ಮಾಡಿನ ಕೆಳಗೆ ಒಂದು ತೂಗುದೀಪ. ಯಾವುದೋ ಅತಿಥಿಗೃಹದ್ದಿರಬೇಕು. ದೋಣಿ ಮಾತ್ರ ಎಲ್ಲೂ ಇರಲಿಲ್ಲ.

ಒಂದು ಗಂಟೆಗೆ ಭಾವನ ಫೋನ್ ಬಂತು. ಕಾರ್ಖಾನೆಯಲ್ಲಿ ಫೋನುಗಳನ್ನು ಗೇಟಿನಲ್ಲೇ ಇಡಬೇಕು, ಊಟದ ಹೊತ್ತಿನಲ್ಲಿ ಮಾತ್ರ ಕೈಗೆ ಸಿಗುತ್ತದೆ. ಅವರು ಅಗಿಯುತ್ತಲೇ ಮಾತಾಡಿದರು.

“ಏನಮ್ಮಾ, ಅಷ್ಟೊಂದು ಸಲ ಫೋನ್ ಮಾಡಿದೀಯ?”

“ಭಾವ, ದೋಣಿ ಕ್ಲಬ್ಬಿನ ದೋಣಿ ಎಲ್ಲಿದೆ?”

“ಹೊಸದರಲ್ಲಿದೆ.”

“ಯಾವ ಹೊಸದು ಭಾವ? ನಿಮ್ಮ ಹತ್ರ ಇರೋದೆಲ್ಲಾ ಹೊಸದೇ.”

“ಇರತ್ತಮ್ಮ, ಅಲ್ಲೇ ಇರತ್ತೆ. ಎರಡು ಒತ್ತು, ಅಷ್ಟೇ. ಏ, ಗಂಟೆ ಹೊಡೀತು...” ಫೋನ್ ಕಟ್ಟಾಯಿತು.

ಎರಡು ಒತ್ತು. ಸೊಸೆ ಮೌಸ್ ಹಿಡಿದು, ‘ಹೊಸದು’ ಎಂಬ ಫೋಲ್ಡರಿನ ಮೊದಲ ಚಿತ್ರದ ಮೇಲೆ ಟಕಟಕ ಎರಡು ಸಲ ಒತ್ತಿದಳು. ಈ ಫೈಲನ್ನು ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರ್ ಕೇಳಿತು. ಎರಡನೆಯದಕ್ಕೂ ಅದನ್ನೇ ಕೇಳಿತು. ಹತ್ತನೆಯದಕ್ಕೂ ಅದನ್ನೇ.

“ಏನಂದ ದೊಡ್ಡವನು?” ಎಂದು ಮಾವ ಬಾಗಿಲಲ್ಲಿ ನಿಂತು ಕೇಳಿದರು.

“ಎರಡು ಒತ್ತು ಅಂದ್ರು.”

“ಒತ್ತಿದ್ಯಾ?”

“ಒತ್ತಿದೆ.”

“ಹಾಗಾದ್ರೆ ನಾನು ಮೆಷಿನ್ ಮೇಲಿರೋ ನೂಲಿನ ಉಂಡೆ ತೆಗೆದಿಡ್ಲಾ?”

“ಒಂದು ಉಂಡೆ ಮುಟ್ಟಿ ನೋಡಿ ಮಾವ” ಎಂದಳು ಅವಳು, ದನಿ ಏರಿಸದೆ. ಮಾವ ಮುಟ್ಟಲಿಲ್ಲ. ಊಟಕ್ಕೆ ಹೋದರು. ಅವಳು ಹೋಗಲಿಲ್ಲ.

ಎರಡೂವರೆಯಾಯಿತು. ದೋಣಿಗೆ ಹತ್ತಿರವಾದದ್ದು ಅಂತ ಕಂಡದ್ದು ಒಂದು ಲಂಗರು ಮಾತ್ರ. ಎರಡು ಕೊಕ್ಕೆ ಮೇಲಕ್ಕೆ ಬಾಗಿದ, ಸರಿಯಾಗಿಯೇ ನಿಂತ ಲಂಗರು. ಅದರ ಮೂಲೆಯಲ್ಲೆಲ್ಲಾದರೂ ಚಿಕ್ಕದಾಗಿ ದೋಣಿಯೂ ಇರಬಹುದು, ಹೊಲಿದು ನೋಡಿದರೆ ಗೊತ್ತಾಗುತ್ತದೆ ಎಂದುಕೊಂಡಳು. ಪೆನ್‌ಡ್ರೈವಿಗೆ ಹಾಕಿ ಯಂತ್ರಕ್ಕೆ ಚುಚ್ಚಿ, ಹಾಳು ಬಟ್ಟೆಯ ತುಂಡೊಂದನ್ನು ಚೌಕಟ್ಟಿಗೆ ಬಿಗಿದಳು. ಬೆರಳು ತಾನಾಗಿ ಬಾಗಿದ ಬಾಣದ ಗುಂಡಿಗೆ ಹೋಯಿತು. ಅಭ್ಯಾಸ. ಒಂದು ಸಲ ಒತ್ತಿದಳು.

ಆ ಫಲಕದಲ್ಲಿ ಚಿತ್ರ ಕಾಣುವುದಿಲ್ಲ. ಫೈಲಿನ ಹೆಸರು, ಕೆಲವು ಅಂಕಿ, ಮೂಲೆಯಲ್ಲಿ ಕಡ್ಡಿಯಷ್ಟು ಚಿಕ್ಕದೊಂದು ಬಾಣ, ಇಷ್ಟೇ. ಭಾವ ಇದ್ದಾಗ ಅವಳ ಕಣ್ಣು ಯಾವಾಗಲೂ ಸೂಜಿಯ ಮೇಲಿರುತ್ತಿತ್ತು. ಇವತ್ತು ಯಾರ ಅವಸರವೂ ಇಲ್ಲದ ಹಾಳು ಬಟ್ಟೆಯಾದ್ದರಿಂದ ಕಣ್ಣು ಬೆರಳಿನ ಹತ್ತಿರವೇ ಇತ್ತು. ಮೇಲೆ ನೋಡುತ್ತಿದ್ದ ಬಾಣ ಪಕ್ಕಕ್ಕೆ ಮಲಗಿತು. ಅವಳು ಇನ್ನೊಂದು ಸಲ ಒತ್ತಿದಳು. ಬಾಣ ಕೆಳಗೆ ನೋಡಿತು.

ಅವಳು ಹಸಿರು ಗುಂಡಿ ಒತ್ತಲಿಲ್ಲ. ಬಾಣವನ್ನು ನೋಡುತ್ತ ಕೂತಳು.

“ಅತ್ತೆ, ದೋಣಿ ಕ್ಲಬ್ಬಿನವರು ಮೊದಲ ಸಲ ಬಂದಾಗ ಏನು ಹೊಲಿಸಿದ್ರು? ಅಂಗೀನೇನಾ?”

“ಅಂಗಿ ಆಮೇಲೆ ಕಣೆ. ಮೊದ್ಲು ಟೋಪಿ. ಬಿಸಿಲಿಗೆ ಹಾಕೋ ಟೋಪಿ. ಎಳೆ ಕತ್ತರಿಸಿ ಕತ್ತರಿಸಿ ನನ್ನ ಬೆರಳಲ್ಲಿ ಬೊಬ್ಬೆ ಬಂದಿತ್ತು.”

ಟೋಪಿಗಳನ್ನು ಯಾವಾಗಲೂ ಭಾವನೇ ಯಂತ್ರಕ್ಕೆ ಹಾಕುತ್ತಿದ್ದರು. ಟೋಪಿಯನ್ನು ಹಾಕುವಾಗ ಅದರ ಅಂಚು ಯಂತ್ರದ ಕಡೆಗೂ ನೆತ್ತಿ ಹೊಲಿಯುವವರ ಕಡೆಗೂ ಇರುತ್ತದೆ. ಹಾಗಾಗಿ ಚಿತ್ರವನ್ನು ತಲೆಕೆಳಗಾಗಿಯೇ ಹೊಲಿಯಬೇಕು. ಮೊದಲು ಟೋಪಿಗೆಂದು ಮಾಡಿದ ಚಿತ್ರಗಳನ್ನೆಲ್ಲ ಭಾವ ತಲೆಕೆಳಗಾಗಿಯೇ ಇಟ್ಟಿದ್ದರು. ಅದೇ ಚಿತ್ರವನ್ನು ಅಂಗಿಗೆ ಹೊಲಿಯಬೇಕಾದಾಗ ಇನ್ನೊಂದು ಫೈಲು ಮಾಡುವ ಬದಲು ಸೊಸೆಗೆ ಹೇಳುತ್ತಿದ್ದರು: ಎರಡು ಒತ್ತು. ಒಂದು ಒತ್ತಿಗೆ ಕಾಲು ಸುತ್ತು. ಎರಡಕ್ಕೆ ಅರ್ಧ.

ಪುಕ್ಕಟೆ ಬಾಲಂಗೋಚಿ ಬಣ್ಣವನ್ನು ಊಹಿಸಿತ್ತೇ ಹೊರತು ಮೀನನ್ನು ಮಗುಚಿರಲಿಲ್ಲ. ಮಗುಚಿಟ್ಟಿದ್ದವರು ಭಾವ.

ಅವಳು ಎದ್ದು ಕಂಪ್ಯೂಟರಿನ ಹತ್ತಿರ ಹೋದಳು. ಕತ್ತು ವಾರೆ ಮಾಡಿ ನೋಡಿದಳು, ಆಗಲಿಲ್ಲ. ಮಾನಿಟರಿನ ಹಿಂದಿನ ತಂತಿಗಳನ್ನು ಸಡಿಲ ಮಾಡಿಕೊಂಡು, ಎರಡೂ ಕೈಯಲ್ಲಿ ಅದನ್ನು ಎತ್ತಿ, ಬುಡ ಮೇಲೆ ಮಾಡಿ, ಮಡಿಸಿದ ಟವೆಲ್ಲುಗಳ ಮೇಲೆ ನಿಲ್ಲಿಸಿದಳು. ಅತ್ತೆ ಓಡಿ ಬಂದು ಒಂದು ಪಕ್ಕ ಹಿಡಿದುಕೊಂಡರು.

“ಏನೇ ಇದು, ಅದಕ್ಕೆ ಶೀರ್ಷಾಸನ ಹಾಕಿಸ್ತಾ ಇದೀಯ?”

“ಗಟ್ಟಿ ಹಿಡ್ಕೊಳ್ಳಿ ಅತ್ತೆ. ನೋಡ್ತಾ ಇರಿ, ನಾನು ಸರಿಸ್ತೀನಿ.”

ತಲೆಕೆಳಗಾದ ಪರದೆಯಲ್ಲಿ ಮೌಸಿನ ಬಾಣ ಅವಳು ಎಡಕ್ಕೆ ಎಳೆದರೆ ಬಲಕ್ಕೆ ಹೋಗುತ್ತಿತ್ತು. ಅವಳು ನಿಧಾನವಾಗಿ ‘ಮೊದಲಿನ ಹೊಸದು’ ಎಂಬ ಫೋಲ್ಡರಿಗೆ ಬಂದಳು. ಮೀನು ಈಜತೊಡಗಿತು. ಮರ ನೆಲಕ್ಕೆ ಬೇರು ಬಿಟ್ಟಿತು. ಅದರ ಪಕ್ಕದಲ್ಲಿ ಅತಿಥಿಗೃಹದ ಕೆಂಪು ಮಾಡು ಹೊಟ್ಟೆ ಕೆಳಗೆ ಮಾಡಿಕೊಂಡು ಕೂತಿತ್ತು. ಚಿಮಣಿಗಳು ಕೆಳಗಿಳಿದು ಹುಟ್ಟುಗಳಾಗಿದ್ದವು. ಹೊಗೆ ನೀರಾಗಿತ್ತು. ತೂಗುದೀಪಕ್ಕೆ ಕೊಕ್ಕಿತ್ತು.

“ಅಗೋ ದೋಣಿ” ಎಂದರು ಅತ್ತೆ.

ಗಂಟೆ ಮೂರು ದಾಟಿತ್ತು. ಸೊಸೆ ಹಳೆಯ ಅಂಗಿಯನ್ನು ತೊಡೆಯ ಮೇಲೆ ಹಾಸಿಕೊಂಡು, ಹೊಲಿಗೆ ಯಾವುದರ ಮೇಲೆ ಯಾವುದು ಕೂತಿದೆ ಎಂದು ಬೆರಳಿನಿಂದ ಸವರಿ ನೋಡಿದಳು. ಎಲ್ಲಕ್ಕೂ ಕೆಳಗೆ ನೀರು, ಅದರ ಮೇಲೆ ದೋಣಿ, ಆಮೇಲೆ ಹುಟ್ಟು, ಕೊನೆಗೆ ಹಕ್ಕಿ. ಅದೇ ಅನುಕ್ರಮದಲ್ಲಿ ಸೂಜಿಗಳಿಗೆ ಬಣ್ಣ ಕೊಟ್ಟಳು. ಫೈಲು ಹೇಳದ್ದನ್ನು ಅಂಗಿ ಹೇಳಿತು. ಮೊದಲು ಹಾಳು ಬಟ್ಟೆಯ ಮೇಲೆ ಹೊಲಿದಳು. ನೀಲಿ ನೂಲು ದೋಣಿಯ ನಡುವೆ ತುಂಡಾಯಿತು. ಬಿಗಿ ಕಡಿಮೆ ಮಾಡಿ ಮತ್ತೆ ಪೋಣಿಸಿದಳು. ಆಮೇಲೆ ಹೊಸ ಅಂಗಿಯನ್ನು ಚೌಕಟ್ಟಿಗೆ ಏರಿಸಿ, ಎದೆಯ ಗೆರೆ ಸರಿನೋಡಿ, ಬಾಗಿದ ಬಾಣವನ್ನು ಎರಡು ಒತ್ತಿದಳು. ಈ ಸಲ ಯಾಕೆಂದು ಗೊತ್ತಿದ್ದು ಒತ್ತಿದಳು.

ನಾಲ್ಕಕ್ಕೆ ಸರಿಯಾಗಿ ತಳ್ಳುಗಾಡಿಯ ಸದ್ದು ಹೊಸಿಲಿಗೆ ಬಂತು. ಮಾವನ ಹಿಂದೆ ಪರದೆ ಅಂಗಡಿಯವರು ಒಳಗೆ ಬಂದರು. ಅವರ ಕಣ್ಣಿಗೆ ಮೊದಲು ಬಿದ್ದದ್ದು ಟವೆಲ್ಲಿನ ಮೇಲೆ ತಲೆಕೆಳಗಾಗಿ ನಿಂತ ಮಾನಿಟರು.

“ಇದೇನು ಸ್ವಾಮಿ, ಕಂಪ್ಯೂಟರನ್ನೂ ಪ್ಯಾಕ್ ಮಾಡಿಬಿಟ್ಟಿದೀರಾ?”

ಯಂತ್ರ ಹೊಲಿಯುತ್ತಿತ್ತು. ಮಾವ ಹತ್ತಿರ ಹೋಗಿ ಬಗ್ಗಿದರು. ದೋಣಿ ಮುಗಿದಿತ್ತು, ಹುಟ್ಟುಗಳು ಮುಗಿದಿದ್ದವು, ಸೂಜಿ ಹಕ್ಕಿಯ ರೆಕ್ಕೆಯಲ್ಲಿತ್ತು. ಪರದೆ ಅಂಗಡಿಯವರ ಆಳು ಯಂತ್ರದ ಕಾಲಿಗೆ ಕೈ ಹಾಕಲು ಬಗ್ಗಿದ.

“ತಡಿ” ಎಂದರು ಮಾವ. “ಕೊಕ್ಕು ಬಾಕಿ ಇದೆ.”

ಕೊಕ್ಕು ಬಂತು. ಯಂತ್ರ ನಿಂತಿತು. ಸೊಸೆ ಚೌಕಟ್ಟು ಬಿಚ್ಚಿ, ಅಂಗಿಯನ್ನು ಅತ್ತೆಗೆ ಕೊಟ್ಟಳು. ಅತ್ತೆ ಎಳೆಗಳನ್ನು ಕತ್ತರಿಸಿ, ಹೊಲಿಗೆಯ ಹಿಂದೆ ಆಧಾರಕ್ಕೆ ಕೊಟ್ಟಿದ್ದ ಕಾಗದ ಹರಿದು, ಅಂಗಿಯನ್ನು ಮಾವನ ಕೈಯಲ್ಲಿಟ್ಟರು. ಮಾವ ಹಳೆಯದನ್ನೂ ಹೊಸದನ್ನೂ ಬೆಳಕಿಗೆ ಹಿಡಿದು ಪಕ್ಕಪಕ್ಕಕ್ಕೆ ನೋಡಿದರು. ಅಂಗಿಯ ಒಳಮೈ ತಿರುಗಿಸಿ ಗಂಟುಗಳನ್ನೂ ನೋಡಿದರು. ತಪ್ಪು ಹುಡುಕಲು ಅವರಿಗೆ ಸಾಕಷ್ಟು ಹೊತ್ತು ಸಿಕ್ಕಿತು.

“ದೋಣಿ ಎಲ್ಲಿ ಸಿಕ್ಕಿತು?”

“ಮನೆ ಮಾಡಿನ ಮೇಲಿತ್ತು” ಎಂದಳು ಸೊಸೆ.

ಮಾವ ಪರದೆ ಅಂಗಡಿಯವರ ಕಡೆ ತಿರುಗಿದರು. “ಕ್ಷಮಿಸ್ಬೇಕು. ಇವತ್ತು ಮೆಷಿನ್ ಖಾಲಿ ಇಲ್ಲ.”

“ನಾಳೆ ಬರ್ಲಾ?”

ಮಾವ ಸೊಸೆಯನ್ನು ನೋಡಿದರು. ಅವಳು ಎರಡನೆಯ ಅಂಗಿಯನ್ನು ಚೌಕಟ್ಟಿಗೆ ಏರಿಸುತ್ತಿದ್ದಳು.

“ನಾಳೇನೂ ಖಾಲಿ ಇರಲ್ಲ” ಎಂದರು.

ಪರದೆ ಅಂಗಡಿಯವರು ಮಾನಿಟರಿನ ಕಡೆ ಬೆರಳು ತೋರಿಸಿದರು. “ಅದ್ರಲ್ಲಿ ನಿಮ್ಮ ಮುಖ ಯಾಕಿದೆ?”

ಎಲ್ಲರೂ ನೋಡಿದರು. ದೋಣಿಯ ಕೆಳಗಿನ ಸಾಲಿನಲ್ಲಿ, ಬೆಳಗ್ಗೆಯಿಂದ ಪೊರಕೆ ಸಿಕ್ಕಿಸಿದ ಮಡಕೆಯಾಗಿದ್ದದ್ದು ಈಗ ಮಾವನಾಗಿತ್ತು. ಅದೇ ಬೋಳು ತಲೆ, ಅದೇ ಪೊದೆ ಮೀಸೆ. ಮೀಸೆಗೆ ಆಡ್-ಆನ್ ಅಚ್ಚ ಹಸಿರು ಬಣ್ಣ ಬಳಿದಿತ್ತು.

“ದೊಡ್ಡವನು ಯಾರಿಗೋ ಟೋಪಿ ಮಾಡಿಕೊಟ್ಟಿರ್ಬೇಕು” ಎಂದರು ಅತ್ತೆ, ಸೆರಗು ಬಾಯಿಗೆ ಒತ್ತಿಕೊಂಡು.

“ಅವನು ಫೋನ್ ಮಾಡಲಿ” ಎಂದರು ಮಾವ. ತಳ್ಳುಗಾಡಿ ಖಾಲಿ ಹೋಯಿತು.

ಆರು ಗಂಟೆಗೆ ಕೋಚ್ ಬಂದು ಒಂಬತ್ತು ಅಂಗಿಗಳನ್ನು ತೆಗೆದುಕೊಂಡು ಹೋದರು. ಮರುದಿನದ ಸ್ಪರ್ಧೆಯಲ್ಲಿ ಅವರ ದೋಣಿ ನಾಲ್ಕನೆಯದಾಗಿ ಬಂತು. ಸೊಸೆ ಅಂದು ಬೆಳಗ್ಗೆ ಮಾನಿಟರನ್ನು ನೆಟ್ಟಗೆ ನಿಲ್ಲಿಸಿ, ಫೈಲುಗಳ ಹೆಸರನ್ನು ಒಟ್ಟಿಗೆ ಬದಲಿಸುವ ಇನ್ನೊಂದು ಪುಕ್ಕಟೆ ಆಡ್-ಆನ್ ಹಾಕಿಕೊಂಡಳು. ಮೊದಲು ಹೆಸರು ಸಿಕ್ಕಿದ್ದು ಎರಡು ಒತ್ತಬೇಕಾದ ಟೋಪಿಯ ಚಿತ್ರಗಳಿಗೆ.